ಮೂಲೆ ಹರಿದ ಹದಿನಾಲ್ಕು ಕಾರ್ಡು

೧೧ ಜೂನ್ ೨೦೦೭, ಸೋಮವಾರ

ಇವತ್ತು ಹನ್ನೊಂದರ ಚಹಾ ನನ್ನ ಮೇಜಿಗೆ ಬಂತು. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಡಾಕ್ಟರ್ ಉಮಾವತಿ ಬೆಳಗಾವಿಯವರು, ನಾನು ಧಾರವಾಡದವಳು. ಪುಣೆಯ ಈ ಆಸ್ಪತ್ರೆಯಲ್ಲಿ ದಿನವಿಡೀ ಮರಾಠಿ ಆಡಿ ದಣಿದ ನಾಲಿಗೆಗೆ ಹತ್ತು ನಿಮಿಷ ಕನ್ನಡ ಸಿಗುವುದು ಅವರ ಕೋಣೆಯಲ್ಲಿ, ಆ ಚಹಾದ ಹೊತ್ತಿಗೆ. ಇವತ್ತು ನನ್ನ ಕುರ್ಚಿಯಲ್ಲಿ ಬೇರೆಯವಳು ಕೂತಿದ್ದಳು.

ಹೆಸರು ಕೇತಕಿ. ಇಪ್ಪತ್ತೊಂಬತ್ತು ವರ್ಷ. ಬೆಂಗಳೂರಿನಲ್ಲಿ ಬೆಳೆದು, ಹೊರದೇಶದಲ್ಲಿ ಎರಡು ವರ್ಷ ಸಂಶೋಧನೆ ಮಾಡಿ ಬಂದಿದ್ದಾಳಂತೆ. "ಇಂದೂ, ಈಕಿಗೆ ನಮ್ಮ ಹಳೇ ಬ್ಲಾಕೆಲ್ಲಾ ತೋರ್ಸು" ಎಂದರು ಡಾಕ್ಟರು. ಅವಳು ಎದ್ದು ನಿಂತು, "ಹಾಯ್ ಆಂಟಿ" ಎಂದಳು. ನನಗೆ ನಲವತ್ತನಾಲ್ಕು. ಆಂಟಿಯಂತೆ.

ನನ್ನ ಕೆಲಸವೇ ಬ್ಲಾಕಿನದು. ಗಡ್ಡೆಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂಡಿಸಿ ಗಟ್ಟಿ ಮಾಡುವುದು, ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹಾಸುವುದು, ಉಳಿದದ್ದನ್ನು ಕಪಾಟಿನಲ್ಲಿ ಕಾಯುವುದು. ಆ ಹುಡುಗಿ ಕಪಾಟಿನ ಮುಂದೆ ನಿಂತು ನನಗೇ ಪಾಠ ಹೇಳಿದಳು. "ಮೈಕ್ರೋ ಆರ್‌ಎನ್‌ಎ ಅಂತ ಆಂಟಿ, ತುಂಬಾ ಚಿಕ್ಕದು. ದೊಡ್ಡ ದೊಡ್ಡ ಮಾಲಿಕ್ಯೂಲ್ ಎಲ್ಲ ಈ ವ್ಯಾಕ್ಸ್ ಒಳಗೆ ತುಂಡಾಗಿಹೋಗತ್ತೆ. ಇದು ಮಾತ್ರ ಎಷ್ಟ್ ವರ್ಷ ಆದ್ರೂ ಹಾಗೇ ಉಳಿದಿರತ್ತೆ." ತಾನಾಗಿಯೇ ಉಳಿದಂತೆ ಹೇಳುತ್ತಾಳೆ. ಇಲಿ, ಜಿರಲೆ, ಮಳೆಗಾಲದ ತೇವ, ಏಪ್ರಿಲ್ ಬಿಸಿಲಿಗೆ ಕರಗುವ ಮೇಣ, ಇವನ್ನೆಲ್ಲ ಕಾದವರು ಯಾರು?

ಅವಳಿಗೆ ಬೇಕಾದದ್ದು ೧೯೯೯ರಿಂದ ೨೦೦೧ರವರೆಗೆ ಬಾಯಿಯ ಕ್ಯಾನ್ಸರಿಗೆ ಆಪರೇಷನ್ ಆದ ತೊಂಬತ್ತಾರು ಜನರ ಬ್ಲಾಕು. ಗಡ್ಡೆಯಲ್ಲಿ ಆ ಚಿಕ್ಕ ಕಣ ಹೆಚ್ಚಿದ್ದವರು ಬೇಗ ಹೋದರೇ, ಕಡಿಮೆ ಇದ್ದವರು ಉಳಿದರೇ ಎಂದು ನೋಡುತ್ತಾಳಂತೆ. ಹೌದೆಂದಾದರೆ ಮುಂದೆ ಬರುವ ರೋಗಿಗೆ ಯಾವ ಔಷಧ, ಎಷ್ಟು ಜೋರಾಗಿ ಕೊಡಬೇಕೆಂದು ಮೊದಲ ದಿನವೇ ತಿಳಿಯುತ್ತದೆ. ಒಳ್ಳೆಯ ವಿಚಾರ. ಅದಕ್ಕೇ ಹೆಚ್ಚು ಸಿಟ್ಟು ಬಂತು.

ಕೀಲಿಕೈ ಕೇಳಿದಳು. ಡಾಕ್ಟರು ನನ್ನ ಕಡೆ ನೋಡಿದರು. ಕೊಟ್ಟೆ.

೩ ಜುಲೈ

ಬ್ಲಾಕು ಸಿಕ್ಕಿತು. ಆದರೆ ಯಾರು ಇದ್ದಾರೆ, ಯಾರು ಇಲ್ಲ ಎಂದು ಮೇಣ ಹೇಳುವುದಿಲ್ಲ. ಆಪರೇಷನ್ ಆಗಿ ವರ್ಷದ ಮೇಲೆ ಹೆಚ್ಚಿನವರು ಆಸ್ಪತ್ರೆಯ ಕಡೆ ತಲೆ ಹಾಕಿಲ್ಲ. ಕಾರ್ಡು ಹಾಕೋಣ ಎಂದು ನಾನೇ ಹೇಳಿದೆ. ಎರಡು ಕಾರ್ಡು ಜೋಡಿಸಿದ್ದು ಅಂಚೆಯಲ್ಲಿ ಸಿಗುತ್ತದೆ, ಒಂದು ನಮ್ಮದು, ಇನ್ನೊಂದು ಅವರು ತಿರುಗಿ ಹಾಕಲಿಕ್ಕೆ. ಅವಳಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ.

ಆಮೇಲೆ ಅವಳು ಅದಕ್ಕೊಂದು ನಿಯಮ ಸೇರಿಸಿದಳು. ಬರೆಯಲು ಬಾರದವರೂ ಇರುತ್ತಾರಲ್ಲ, ಅದಕ್ಕೆ 'ರೋಗಿ ಚೆನ್ನಾಗಿದ್ದರೆ ಏನೂ ಬರೆಯಬೇಡಿ, ಕಾರ್ಡನ್ನು ಹಾಗೇ ಅಂಚೆಗೆ ಹಾಕಿ. ಇಲ್ಲವಾದರೆ ಮಾತ್ರ ಬರೆಯಿರಿ.' ಡಾಕ್ಟರು, "ಶಾಣ್ಯಾ ಇದ್ದಿ ಬಿಡವಾ" ಎಂದು ಅವಳ ಬೆನ್ನು ತಟ್ಟಿದರು. ಕಾರ್ಡು ನನ್ನದು, ಶಾಣ್ಯಾತನ ಅವಳದು.

ತೊಂಬತ್ತಾರು ವಿಳಾಸ ನಾನೇ ಬರೆದೆ, ಮರಾಠಿಯವರಿಗೆ ಮರಾಠಿ, ನಮ್ಮವರಿಗೆ ಕನ್ನಡ. ಬೆರಳು ನೋಯುತ್ತಿದೆ.

೧೭ ಆಗಸ್ಟ್

ನಮ್ಮ ಮನೆಯವರು, ಶ್ಯಾಮ, ಇವತ್ತು ಊಟಕ್ಕೆ ಕೂತಾಗ ಚೇಷ್ಟೆ ಮಾಡಿದರು. "ಮನೀಗೆ ಬಂದ್ರೂ ಕೇತಕೀದೇ ಸುದ್ದಿ. ಅಕಿ ಹಿಂಗ ಅಂದ್ಲು, ಅಕಿ ಹಂಗ ಕೂತ್ಲು. ನಂದೂ ಇಷ್ಟು ಸುದ್ದಿ ಯಾರ ಮುಂದಾದ್ರೂ ಹೇಳ್ತಿಯೇನ?" ಅವರಿಗೆ ಹೇಳದೆ ಬಚ್ಚಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ಕಾರ್ಡುಗಳು ಬರುತ್ತಿವೆ. 'ವಡೀಲ್ ವಾರಲೇ', ಅಪ್ಪ ತೀರಿಕೊಂಡರು ಎಂದು ಮಗ ಬರೆದದ್ದು ಇದೆ. ಖಾಲಿ ಬಂದದ್ದು ಬಹಳ ಇವೆ. ಖಾಲಿ ಬಂದವುಗಳನ್ನೆಲ್ಲ ಅವಳು ತನ್ನ ನಿಯಮದಂತೆ ಬದುಕಿದವರ ಲೆಕ್ಕಕ್ಕೆ ಹಾಕುತ್ತಿದ್ದಾಳೆ. ನಾನು ಕಾರ್ಡು ಜೋಡಿಸಲು ಕೂತೆ. ಕೆಲವಕ್ಕೆ ಒಂದು ಮೂಲೆ ಇಲ್ಲ. ಇವತ್ತಿನವರೆಗೆ ಹದಿನಾಲ್ಕು.

ಸಾವಿನ ಸುದ್ದಿಯ ಕಾಗದದ ಮೂಲೆ ಹರಿಯುತ್ತಾರೆ. ಸಣ್ಣವಳಿದ್ದಾಗ ಅಂಚೆಯವನ ಕೈಯಲ್ಲಿ ಅಂಥ ಕಾರ್ಡು ಕಂಡರೆ ಓದುವ ಮೊದಲೇ ಅವ್ವ ಅಳಲು ಶುರು ಮಾಡುತ್ತಿದ್ದಳು. ಅದನ್ನು ಹೊಸ್ತಿಲ ಒಳಗೆ ತರುವಂತಿರಲಿಲ್ಲ, ಹೊರಗೇ ಚೂರು ಮಾಡಿ ಎಸೆಯಬೇಕು. ಬರೆಯಲು ಬಾರದ ಈ ಜನ ತಮಗೆ ಗೊತ್ತಿದ್ದ ರೀತಿಯಲ್ಲಿ ಉತ್ತರ ಕೊಟ್ಟಿದ್ದಾರೆ.

ಅಷ್ಟರಲ್ಲಿ ಅವಳೇ ಬಂದು ಒಂದು ಕಾರ್ಡು ಎತ್ತಿ ಹಿಡಿದಳು. "ಆಂಟಿ, ಇವಕ್ಕೆಲ್ಲ ಕಾರ್ನರ್ ಹರಿದಿದೆಯಲ್ಲ, ಅದಕ್ಕೇನಾದ್ರೂ ಅರ್ಥ ಇದೆಯಾ?"

ಸರಿಯಾಗಿ ಕೇಳಿದಳು, ಕೇಳಬೇಕಾದವಳನ್ನೇ ಕೇಳಿದಳು. ಬೆಳಿಗ್ಗೆ ಡಾಕ್ಟರ ಕೋಣೆಯಿಂದ ಇಬ್ಬರೂ ನಗುವುದು ಕೇಳಿಸಿತ್ತು. ನನ್ನ ಬಾಯಿಂದ ಬಂದದ್ದು ಇದು: "ಮಳಿಗಾಲ ಅಲ್ಲೇನ್ರಿ, ಪೋಸ್ಟಿನವ್ರು ಚೀಲದಾಗ ತುರುಕ್ತಾರ. ಹರೀತಾವ." "ಓ, ಓಕೆ" ಎಂದು ಹೋದಳು. ಹದಿನಾಲ್ಕು ಜನ ಬದುಕಿಬಿಟ್ಟರು.

೨೦ ಸೆಪ್ಟೆಂಬರ್

ಗಣಪತಿಯ ಗದ್ದಲ. ಸದಾಶಿವ ಪೇಠೆಯ ನಮ್ಮ ವಾಡೆಯ ಗೋಡೆಗಳೇ ನಡುಗುತ್ತವೆ. ಆದರೂ ನಾನು ಇವತ್ತು ಖುಷಿಯಲ್ಲಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅವಳ ಲೆಕ್ಕ ಕೂಡಿಬರಲಿಲ್ಲ. ಕಂಪ್ಯೂಟರಿನಲ್ಲಿ ಎರಡು ಗೆರೆ ಬರುತ್ತವೆ, ಮೆಟ್ಟಿಲಿನಂತೆ ಇಳಿಯುತ್ತ. ಒಬ್ಬೊಬ್ಬರು ತೀರಿದಾಗ ಒಂದೊಂದು ಮೆಟ್ಟಿಲು. ಕಣ ಹೆಚ್ಚಿದ್ದವರ ಗೆರೆ ಸರ್ರನೆ ಇಳಿಯಬೇಕಿತ್ತು, ಕಡಿಮೆ ಇದ್ದವರದು ಮೇಲೆ ಉಳಿಯಬೇಕಿತ್ತು. ಎರಡೂ ಒಂದನ್ನೊಂದು ತಬ್ಬಿಕೊಂಡು ಇಳಿದಿವೆ. "ಏನೂ ಡಿಫರೆನ್ಸ್ ಇಲ್ಲ" ಎಂದು ನೋಡುತ್ತ ಕೂತಳು. ಅವಳ ಫೆಲೋಶಿಪ್ಪಿಗೆ ಮಾರ್ಚಿನಲ್ಲಿ ಸಂದರ್ಶನ. ಇದೇ ಕೈಯಲ್ಲಿ ಇಟ್ಟುಕೊಂಡು ಹೋಗಬೇಕು.

ಸಂಜೆ ಮೋದಕ ಮಾಡಿದೆ. ಎರಡು ಹೆಚ್ಚೇ ತಿಂದೆ.

೧೨ ಅಕ್ಟೋಬರ್

ಸೋತರೂ ಅವಳೇ ಗೆದ್ದಳು. ಡಾಕ್ಟರು ಈಗ ದಿನಾ ಅವಳ ಮೇಜಿನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. "ಊಟಾ ಮಾಡಿಯೇನವಾ?" ಎನ್ನುತ್ತಾರೆ. ನನಗೆ ಟೈಫಾಯಿಡ್ ಆಗಿ ಇಪ್ಪತ್ತು ದಿನ ಮಲಗಿದ್ದಾಗ ಫೋನಿನಲ್ಲಿ ಕೇಳಿದ್ದು ಬಿ-೧೨೦೪ ಬ್ಲಾಕು ಎಲ್ಲಿದೆ ಎಂದು.

ನನಗೆ ಹೊಟ್ಟೆಕಿಚ್ಚು ಎಂದು ಬರೆದುಬಿಡುತ್ತೇನೆ. ಯಾರು ಓದುತ್ತಾರೆ?

ಆ ಹುಡುಗಿ ಸುಮ್ಮನೆ ಕೂರುವ ಜಾತಿಯಲ್ಲ. ಈಗ ಹೊಸ ವಿಚಾರ ಹಿಡಿದಿದ್ದಾಳೆ. ಕಣ ಬಹಳ ಹೆಚ್ಚಿದ್ದೂ ಏಳೆಂಟು ವರ್ಷ ಬದುಕಿದವರು ಹನ್ನೆರಡು ಹದಿಮೂರು ಜನ ಇದ್ದಾರಲ್ಲ, ಅವರನ್ನು ಉಳಿಸಿದ್ದು ಏನು? ಅವರ ರಕ್ತ ತಂದು ನೋಡಬೇಕು, ಅದರ ಮೇಲೇ ಹೊಸ ಅರ್ಜಿ ಬರೆಯಬೇಕು. ಪಟ್ಟಿ ತೋರಿಸಿದಳು. ಎಲ್ಲ ಆ ಮೂಲೆಯಿಲ್ಲದ ಕಾರ್ಡಿನವರೇ.

"ಇವರೇ ಆಂಟಿ ನಿಜವಾದ ಹೀರೋಗಳು" ಎಂದಳು. ನಾನು ಮೇಣ ಕಾಯಿಸಲು ಹೋದೆ.

೧೮ ನವೆಂಬರ್, ಭಾನುವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಪಟ್ಟಿಯ ಮೊದಲ ಹೆಸರು ತಾಯಪ್ಪ. ಯಾದಗಿರಿ ಕಡೆಯವನು, ಗೌಂಡಿ ಕೆಲಸ, ಊರಂಚಿನ ವಾಕಡದ ಜೋಪಡಿ ಬಸ್ತಿಯಲ್ಲಿ ಮನೆ. ಅವರ ಕನ್ನಡ ತನಗೆ ತಿಳಿಯುವುದಿಲ್ಲ, ನೀವು ಜೊತೆಗೆ ಬನ್ನಿ ಎಂದಳು. ಅವಳ ಬ್ಯಾಗಿನಲ್ಲಿ ರಕ್ತ ತೆಗೆಯುವ ನಳಿಗೆಗಳು, ತೊಡೆಯ ಮೇಲೆ ಒಂದು ಕಿಲೋ ಪೇಡೆಯ ಡಬ್ಬಿ. "ಏಳು ವರ್ಷ ಆಂಟಿ, ಸೆಲೆಬ್ರೇಟ್ ಮಾಡ್ಬೇಕಲ್ವಾ." ಬಸ್ಸು ಔಂಧ್ ದಾಟಿತು, ಈಗ ಹೇಳೋಣ ಎಂದುಕೊಂಡೆ. ಜಗತಾಪ್ ಡೇರಿ ದಾಟಿತು, ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಇಳಿದ ಮೇಲೆ ಅವಳು ಮುಂದೆ ಮುಂದೆ ನಡೆದಳು.

ಎತ್ತರದ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳು. ಕಿರಾಣಿ ಅಂಗಡಿಯವನು ಮನೆ ತೋರಿಸಿದ. ಹೆಂಗಸೊಬ್ಬಳು ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಾಯಪ್ಪನ ಹೆಂಡತಿ ಚಂದಮ್ಮ. ಹಣೆ ಬೋಳು ಇತ್ತು. ನಾನು ನೋಡಿದೆ, ಕೇತಕಿ ನೋಡಲಿಲ್ಲ.

"ತಾಯಪ್ಪ ಅವರು ಇದ್ದಾರಾ? ನಾವು ಹಾಸ್ಪಿಟಲ್‌ನಿಂದ ಬಂದಿದ್ದೀವಿ. ಅವರನ್ನ ನೋಡಕ್ಕೇ ಬಂದಿದ್ದು" ಎಂದು ನಗುತ್ತ ಪೇಡೆಯ ಡಬ್ಬಿ ಮುಂದೆ ಹಿಡಿದಳು.

ಚಂದಮ್ಮ ಡಬ್ಬಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಅಕ್ಕಾರ, ಇಕಿ ಏನಂತಾಳ್ರೀ?"

"ತಾಯಪ್ಪ ಇದ್ದಾರೇನು ಅಂತ ಕೇಳ್ತಾಳ್ರಿ" ಎಂದೆ.

"ಅಂವ ಹೋಗಿ ಆರ್ ವರ್ಷಾತ್ರೀ. ಕಾರ್ಡ್ ಬಂದಿತ್ತು, ಮೂಲಿ ಹರ್ದು ಹಾಕಿದ್ನೆಲ್ರೀ. ಮುಟ್ಟಿಲ್ಲೇನ್ರೀ?"

ಕೇತಕಿಗೆ ಮಾತು ತಿಳಿಯದಿರಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೆ. ತಿಳಿದಿತ್ತು. ಡಬ್ಬಿ ಹಿಡಿದ ಕೈ ಹಾಗೇ ಇತ್ತು, ಹಿಂದೆ ತೆಗೆದುಕೊಳ್ಳಲೂ ಆಗದೆ, ಕೊಡಲೂ ಆಗದೆ. ಕೊನೆಗೆ ನಾನು, ದವಾಖಾನೆಯ ಕಾಗದದಲ್ಲಿ ತಪ್ಪಾಗಿದೆ, ಅವನು ಇದ್ದಾನೆ ಅಂತ ಬರೆದಿತ್ತು, ಎಂದೆ.

ಚಂದಮ್ಮ ಸ್ವಲ್ಪ ಹೊತ್ತು ಮೊರ ಆಡಿಸಿದಳು. "ಹಂಗಾರ ನಿಮ್ಮಲ್ಲಿ ಇಷ್ಟ್ ದಿನ ಬದುಕಿದ್ನೇನ್ರೀ?" ಎಂದು ಕೇಳಿದಳು. ಹೌದು ಎಂದೆ. "ಇರ್ಲಿ ಬಿಡ್ರಿ. ಅಲ್ಲೆರ ಇರ್ಲಿ" ಎಂದಳು. ಎದ್ದು ಕೇತಕಿಯ ಕೈಯಿಂದ ಡಬ್ಬಿಯನ್ನು ತಾನೇ ತೆಗೆದುಕೊಂಡು, "ತಂದೀರಲ್ಲ, ಕೊಡ್ರಿ. ನೀರ್ ಕುಡಿತೀರೇನ್ರೀ?" ಎಂದಳು.

ಬಸ್ಸಿನಲ್ಲಿ ಕೇತಕಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಿಮಗೆ ಗೊತ್ತಿತ್ತಾ ಎಂದು ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಶಿವಾಜಿನಗರದವರೆಗೆ ಕಾದೆ. ಇಳಿಯುವಾಗ, "ನಾಳೆ ಆ ಹದಿನಾಲ್ಕು ಕಾರ್ಡ್ ಬೇರೆ ತೆಗೆದಿಡೋಣ ಆಂಟಿ" ಎಂದಳು, ಅಷ್ಟೇ.

೧೯ ನವೆಂಬರ್

ಡಾಕ್ಟರ ಎದುರು ನಾನೂ ನಿಂತಿದ್ದೆ. "ತಪ್ಪು ನಂದು ಮೇಡಮ್" ಎಂದಳು ಕೇತಕಿ. "ಕಾರ್ನರ್ ಹರಿದಿದ್ದು ನೋಡಿದ್ದೆ. ಯಾರನ್ನೂ ಕೇಳಲಿಲ್ಲ. ಇಂದೂ ಆಂಟಿ ಜೊತೆಗೆ ಬಂದಿದ್ದಕ್ಕೆ ಗೊತ್ತಾಯ್ತು."

ಕೇಳಲಿಲ್ಲವಂತೆ.

ಡಾಕ್ಟರು ನನ್ನ ಕಡೆ ತಿರುಗಿ, "ನೀ ಇದ್ದಿ ಅಂತ ಉಳೀತು ನೋಡು" ಎಂದರು. ಐದು ತಿಂಗಳಿಂದ ಇಂಥ ಮಾತಿಗೇ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಬಂತು. ಬಿಸಿ ಎಣ್ಣೆ ಸಿಡಿದಂತೆ ಬಂತು. ಹನ್ನೊಂದರ ಚಹಾಕ್ಕೆ ಮೂರು ಕುರ್ಚಿ ಹಾಕಿಸಿದರು. ನಾನು ಕುಡಿದೆ.

೫ ಡಿಸೆಂಬರ್

ಹದಿನಾಲ್ಕು ಜನರನ್ನೂ ತೀರಿಕೊಂಡವರ ಲೆಕ್ಕಕ್ಕೆ ಹಾಕಿ, ದಿನಾಂಕದ ಜಾಗದಲ್ಲಿ ಸದ್ಯಕ್ಕೆ ಅಂದಾಜು ಇಟ್ಟು ಮತ್ತೆ ಗೆರೆ ಎಳೆದಳು. ಎರಡು ಗೆರೆ ಬೇರೆಯಾದವು. ಕಣ ಅತಿ ಹೆಚ್ಚಿದ್ದ ಇಪ್ಪತ್ತೆರಡು ಜನರ ಗೆರೆ ಇಳಿದು ಇಳಿದು ನೆಲ ಮುಟ್ಟಿದೆ. ಒಬ್ಬರೂ ಉಳಿದಿಲ್ಲ. ಆ 'ಒಬ್ಬರೂ ಇಲ್ಲ' ಎನ್ನುವುದೇ ಅವಳ ಇಡೀ ಲೇಖನದ ಗಟ್ಟಿ ಮಾತು. ಮುಂಬಯಿಯ ಸಮ್ಮೇಳನಕ್ಕೆ ಅದನ್ನೇ ಕಳಿಸುತ್ತಾಳೆ, ಮಾರ್ಚಿನ ಸಂದರ್ಶನಕ್ಕೂ ಅದನ್ನೇ.

ಮೊದಲ ಹಾಳೆಯಲ್ಲಿ ಮೂರು ಹೆಸರು. ಮೂರನೆಯದು ನನ್ನದು. ಅಚ್ಚಿನಲ್ಲಿ ನನ್ನ ಹೆಸರನ್ನು ಮದುವೆಯ ಪತ್ರಿಕೆಯ ಮೇಲೆ ಬಿಟ್ಟರೆ ಎಲ್ಲಿಯೂ ನೋಡಿಲ್ಲ.

ಅವಳಿಗೆ ಎಲ್ಲ ಗೊತ್ತು. ಮಳೆಗಾಲ, ಪೋಸ್ಟಿನವರು ಎಂದು ನಾನು ಹೇಳಿದ್ದು ಅವಳು ಮರೆತಿಲ್ಲ. ಬೈಯಲಿಲ್ಲ, ಚುಚ್ಚಲಿಲ್ಲ, ಅದರ ಮೇಲೆ ನನ್ನ ಹೆಸರನ್ನೂ ಹಾಕಿದಳು. ಕಲಿತದ್ದರಲ್ಲಿ ಮುಂದೆ, ವಯಸ್ಸಿನಲ್ಲಿ ಚಿಕ್ಕವಳು, ಡಾಕ್ಟರಿಗೆ ಬೇಕಾದವಳು. ಇವಿಷ್ಟನ್ನು ಹೇಗೋ ನುಂಗಿಕೊಂಡಿದ್ದೆ. ಒಳ್ಳೆಯತನವೊಂದು ಉಳಿದಿತ್ತು, ಅದರಲ್ಲೂ ನನ್ನನ್ನು ಹಿಂದೆ ಹಾಕಿದಳು. ಇದನ್ನು ಮಾತ್ರ ಸಹಿಸಲಾರೆ.

೧೧ ಡಿಸೆಂಬರ್

ಹೇಳಿಬಿಟ್ಟೆ.

ಪಶ್ಚಾತ್ತಾಪದಿಂದ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳೊಬ್ಬಳೇ ದೊಡ್ಡ ಮನಸ್ಸಿನವಳಾಗಿ ಮೆರೆಯುವುದು ಬೇಡ ಎನಿಸಿತು. ಚಹಾಕ್ಕೆ ಮೊದಲು ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ.

"ಅಕಿ ಕೇಳಿದಾಗ ನೀ ಏನಂದಿ?"

"ಪೋಸ್ಟಿನವ್ರು ಹರದಾರ ಅಂದೆ ರೀ."

"ಗೊತ್ತಿದ್ದೂ?"

"ಗೊತ್ತಿದ್ದೂ ರೀ."

ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು. "ಆ ಹೆಣ್ಮಗಳ ಬಾಗಿಲಿಗೆ ಪೇಡೆ ತಗೊಂಡು ಹೋಗೂದನ್ನ ನೋಡ್ಕೋತ ನಿಂತಿ" ಎಂದರು. ಹೌದು ಎಂದೆ. ಹೆಸರು ತೆಗೆಸಿರಿ ಎಂದೆ. "ಹೆಸರಿಂದು ಆಮ್ಯಾಲೆ. ಯಾರು ಯಾವ ತಾರೀಖಿಗೆ ಹೋದ್ರು ಅನ್ನೂದು ಬೇಕು. ಅಂದಾಜಿನ ಮ್ಯಾಲೆ ಲೇಖನ ಹೋಗಂಗಿಲ್ಲ. ಹದಿಮೂರು ಮನಿ ಉಳದಾವ. ನೀನ ಹೋಗು. ಕೈಯಾಗ ಏನೂ ತಗೊಂಡು ಹೋಗಬ್ಯಾಡ."

ಚಹಾಕ್ಕೆ ಕರೆಯಲಿಲ್ಲ. ಕೇತಕಿಯನ್ನೂ ಕರೆಯಲಿಲ್ಲ. ಒಬ್ಬರೇ ಕುಡಿದರು.

ಮಧ್ಯಾಹ್ನ ಕೇತಕಿ ನನ್ನ ಮೇಜಿಗೆ ಬಂದು, "ಯಾಕ್ ಹೇಳಿದ್ರಿ ಆಂಟಿ? ನಾನು ಮ್ಯಾನೇಜ್ ಮಾಡಿದ್ನಲ್ಲ" ಎಂದಳು. "ಅದಕ್ಕ ಹೇಳ್ದೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಂತೇ ಇದ್ದಳು. ಊಟದ ಡಬ್ಬಿ ತಂದಿರಲಿಲ್ಲವಂತೆ. ನನ್ನದರಲ್ಲಿ ಎರಡು ಚಪಾತಿ ಇದ್ದವು.

೬ ಜನವರಿ ೨೦೦೮

ಹಡಪಸರ, ಎರಡು ಮನೆ. ಒಬ್ಬರದು ೨೦೦೧ರ ನಾಗರಪಂಚಮಿಯ ಮರುದಿನ. ಇನ್ನೊಂದು ಮನೆಯ ಮುದುಕಿ ತಾರೀಖು ಗೊತ್ತಿಲ್ಲ, ಸೊಸೆಗೆ ಐದು ತಿಂಗಳು ತುಂಬಿತ್ತು ಎಂದಳು. ಮೊಮ್ಮಗಳ ಶಾಲೆಯ ಕಾಗದ ತೆಗೆಸಿ ಲೆಕ್ಕ ಹಾಕಿದೆ. ಎಲ್ಲ ಮುಗಿದ ಮೇಲೆ, "ಅವನು ಹೋದದ್ದು ನಿಮಗೆ ಯಾಕೆ ಬೇಕು?" ಎಂದು ಮರಾಠಿಯಲ್ಲಿ ಕೇಳಿದಳು. ಮುಂದೆ ಬರುವವರಿಗೆ ಉಪಯೋಗ ಆಗುತ್ತದೆ ಎಂದೆ. ಹೇಳುವಾಗ ನನಗೂ ಹಾಗೇ ಅನಿಸಿತು.

೨೦ ಜನವರಿ

ಭೋಸರಿ, ಚಿಂಚವಡ, ಖಡಕಿ. ಇಲ್ಲಿಯವರೆಗೆ ಒಂಬತ್ತು. ಕಾಲು ಬಾತಿದೆ. ಯಾರೂ ಬಾಗಿಲಿನಿಂದ ಕಳಿಸಲಿಲ್ಲ. ಎಲ್ಲರೂ ಕೂರಿಸಿದರು.

೩ ಫೆಬ್ರವರಿ

ಹನ್ನೆರಡು ಮುಗಿದವು. ಕೇತಕಿಗೆ ಒಂದು ವಾರದಿಂದ ಕೆಮ್ಮು. ಆ ಹುಡುಗಿ ಹಾಸ್ಟೆಲಿನ ಊಟ ತಿಂದು ಹೇಗೆ ಗುಣವಾದಾಳು? ಮೆಣಸಿನ ಸಾರು ಒಯ್ದು ಕೊಟ್ಟೆ. ಕುಡಿಯುವಾಗ ಮೂಗು ಸುರಿಸುತ್ತ ತನ್ನ ಗೆರೆ ತೋರಿಸಿದಳು. ತಾರೀಖು ತುಂಬಿದ ಮೇಲೆ ಇನ್ನೂ ಚೊಕ್ಕವಾಗಿದೆ. ಸಮ್ಮೇಳನದವರು ಸಾರಾಂಶ ಒಪ್ಪಿಕೊಂಡಿದ್ದಾರಂತೆ, ಪೂರ್ತಿ ಲೇಖನ ತಾರೀಖೆಲ್ಲ ಸಿಕ್ಕ ಮೇಲೆ ಹೋಗುತ್ತದೆ. ಡಾಕ್ಟರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಇನ್ನೇನೂ ಆಡುವುದಿಲ್ಲ.

ಶ್ಯಾಮ, "ಈಗ್ಯಾಕ ಅಕಿ ಸುದ್ದಿನ ತಗಿವಲ್ಲಿ?" ಎಂದು ಕೇಳಿದರು. ಅವಳಿಗೆ ಕೆಮ್ಮು ಎಂದೆ.

೧೦ ಫೆಬ್ರವರಿ, ಭಾನುವಾರ

ಹದಿಮೂರನೆಯ ಮನೆ ಲೋಣಾವಳಾದಲ್ಲಿ. ಹೆಸರು ಅಂಬಾದಾಸ, ಕಲಬುರ್ಗಿ ಕಡೆಯವನು, ಚಿಕ್ಕಿ ಕಾರ್ಖಾನೆಯಲ್ಲಿ ಕೆಲಸ. ೨೦೦೦ದಲ್ಲಿ ಎಡಗೆನ್ನೆಯ ಆಪರೇಷನ್. ಕಣ ಎಲ್ಲರಿಗಿಂತ ಹೆಚ್ಚು ಇವನ ಬ್ಲಾಕಿನಲ್ಲೇ. ಬೆಳಗಿನ ಲೋಕಲ್ ಹಿಡಿದು ಹೋದೆ.

ಸ್ಟೇಷನ್ನಿನ ಹಿಂದಿನ ಗಲ್ಲಿ. ಬಾಗಿಲು ತೆಗೆದ ಹೆಂಗಸಿನ ಹಣೆಯಲ್ಲಿ ಕುಂಕುಮ ಇತ್ತು. ಮಗಳೋ ತಂಗಿಯೋ ಇರಬೇಕು ಎಂದು, "ಅಂಬಾದಾಸ ಅವರ ಮನಿ ಇದೇ ಏನ್ರಿ? ಅವರು ಹೋಗಿದ್ದು ಯಾವಾಗ ಅಂತ ಕೇಳಬೇಕಾಗಿತ್ತು" ಎಂದೆ.

"ಎಲ್ಲಿ ಹೋಗಿದ್ರು?" ಎಂದಳು ಆಕೆ.

ಒಳಗಿನಿಂದ ಒಬ್ಬ ಮನುಷ್ಯ ಪಂಚೆ ಸರಿಮಾಡಿಕೊಳ್ಳುತ್ತ ಬಂದ. ಎಡಗೆನ್ನೆ ಒಳಕ್ಕೆ ಹೋಗಿದೆ, ತುಟಿ ಒಂದು ಕಡೆ ಎಳೆದಿದೆ. ಅಂಬಾದಾಸನೇ.

ಅವನ ಮಾತು ಅರ್ಧ ತಿಳಿಯುವುದಿಲ್ಲ. ಹೆಂಡತಿ ರಾಧಾಬಾಯಿ ತಿಳಿಸಿ ಹೇಳಿದಳು. ಕಾರ್ಡಿನ ಮೂಲೆ ಹರಿದದ್ದು ಅವನೇ, ಬೇಕೆಂದೇ. "ಡಾಕ್ಟ್ರು ವರ್ಷಾನೂ ಇರಾಂಗಿಲ್ಲ ಅಂದಿದ್ರಿ. ಇದ್ದೀನಿ. ಇದ್ದಿಯೇನು, ಸತ್ತಿಯೇನು ಅಂತ ಮ್ಯಾಲಿಂದ ಕಾರ್ಡ್ ಬ್ಯಾರೆ. ಕಾರ್ಡ್ ಬಂದ್ ದಿನ ಇಕಿ ಒಲಿ ಹಚ್ಚಲಿಲ್ರಿ, ಅಳ್ಕೋತ ಕುಂತ್ಲು. ಸತ್ತೀನಿ ಅಂತ ಕಳ್ಸಿದ್ರ ಮತ್ತ ಕೇಳಾಂಗಿಲ್ಲಲ್ಲ ಅಂತ ಹರ್ದು ಹಾಕ್ದೆ." ಆಮೇಲೆ ನನ್ನ ಕೈಯಲ್ಲಿದ್ದ ಪಟ್ಟಿಯ ಕಡೆ ಬೆರಳು ಮಾಡಿ, "ಹಂಗಾ ಬರ್ಕೋರಿ. ಹೋಗ್ಯಾನ ಅಂತ ಬರ್ಕೊಂಡು ಬಿಟ್ಬಿಡ್ರಿ" ಎಂದ.

ಎರಡು ತಾಸು ಅಲ್ಲಿ ಕೂತೆ. ಚಹಾ ಕೊಟ್ಟರು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ಕೇತಕಿಯ ಗೆರೆ. ಇವನೊಬ್ಬ ಇದ್ದರೆ ಅದು ನೆಲ ಮುಟ್ಟುವುದಿಲ್ಲ, 'ಒಬ್ಬರೂ ಇಲ್ಲ' ಎಂದು ಬರೆಯುವಂತಿಲ್ಲ. ಒಪ್ಪಿಕೊಂಡ ಸಾರಾಂಶವನ್ನೇ ತಿದ್ದಬೇಕು. ಸಂದರ್ಶನಕ್ಕೆ ಇಪ್ಪತ್ತು ದಿನ. ಹೋಗಿದ್ದಾನೆ ಎಂದು ಬರೆದುಬಿಟ್ಟರೆ ಅವನ ಮಾತೂ ಉಳಿಯುತ್ತದೆ, ಅವಳ ಗೆರೆಯೂ ಉಳಿಯುತ್ತದೆ. ಯಾರು ಲೋಣಾವಳಾಕ್ಕೆ ಬಂದು ನೋಡುತ್ತಾರೆ? ಪೆನ್ನು ತೆಗೆದು ತಾರೀಖಿನ ಜಾಗದ ಮೇಲೆ ಇಟ್ಟೆ. ಯಾವ ತಾರೀಖು ಹಾಕ್ತೀರಿ ಎಂದು ನೋಡುತ್ತ ಅವನು ಎದುರಿಗೆ ಕೂತಿದ್ದ.

ಪೆನ್ನು ಮುಚ್ಚಿ, ಬರುತ್ತೇನೆ ಎಂದು ಎದ್ದೆ.

ಸ್ಟೇಷನ್ನಿನ ಎದುರಿನ ಬೂತಿನಿಂದ ಕೇತಕಿಯ ಮೊಬೈಲಿಗೆ ಫೋನ್ ಮಾಡಿದೆ. ಮೊದಲು ಕೆಮ್ಮು ಹೇಗಿದೆ ಎಂದು ಕೇಳಿದೆ, ಸಾರು ಇನ್ನೂ ಇದೆಯೇ ಎಂದು ಕೇಳಿದೆ. ಆಮೇಲೆ, "ನೀ ಕೂತ್ಗೋ. ನಿನ್ನ ಗೆರಿ ಕೆಡ್ತದವಾ, ಏನ್ಮಾಡ್ಲಿ" ಎಂದೆ. ಅಂಬಾದಾಸ ಇದ್ದಾನೆ ಎಂದೆ. ಅವನು ಹೇಳಿದ್ದೆಲ್ಲ ಹೇಳಿದೆ.

ಅತ್ತಲಿಂದ ಮೂಗು ಎಳೆದ ಸದ್ದು ಬಂತು. ಗೆರೆಗಾಗಿ ಅಳುತ್ತಿದ್ದಾಳೆ ಎಂದುಕೊಂಡು ಸಮಾಧಾನಕ್ಕೆ ಏನು ಹೇಳಲಿ ಎಂದು ಹುಡುಕುತ್ತಿದ್ದೆ.

"ಆಂಟಿ" ಎಂದಳು, "ಅವರು ಊಟ ಏನ್ ಮಾಡ್ತಾರೆ? ಆ ಬಾಯಲ್ಲಿ ಜಗಿಯಕ್ಕಾಗತ್ತಾ? ನೋವಿದೆಯಾ?"

ನಾನು ಕೇಳಿರಲಿಲ್ಲ. ಎರಡು ತಾಸು ಅವನ ಮನೆಯಲ್ಲಿ ಕೂತು, ಅವನ ಚಹಾ ಕುಡಿದು, ಅದೊಂದನ್ನು ಕೇಳಿರಲಿಲ್ಲ. ಇಲ್ಲಿಯೂ ಅವಳೇ ಮೊದಲಾದಳಲ್ಲ ಎಂದು ಒಂದು ಗಳಿಗೆ ಹೊಟ್ಟೆ ಉರಿಯಿತು. ಪುಣೆಯ ಲೋಕಲ್ ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು. "ತಡಿ, ಕೇಳ್ಕೊಂಡು ಬಂದು ಹೇಳ್ತೀನಿ" ಎಂದು ಫೋನ್ ಇಟ್ಟೆ. ಗಾಡಿ ಬಿಟ್ಟೆ. ಬಂದ ಗಲ್ಲಿಯಲ್ಲೇ ತಿರುಗಿ ಹೋದೆ.

ಇಬ್ಬರೂ ಊಟಕ್ಕೆ ಕೂತಿದ್ದರು. ಇನ್ನು ನಿಮ್ಮ ಮನೆಗೆ ಕಾರ್ಡು ಬರುವುದಿಲ್ಲ, ಕೇಳುವುದಿದ್ದರೆ ನಾನೇ ಬರುತ್ತೇನೆ, ಆದರೆ ಹೋಗಿದ್ದೀರಿ ಎಂದು ಬರೆಯಲಾರೆ ಎಂದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ನನಗೂ ಒಂದು ತಾಟು ಇಟ್ಟಳು. ಅವನ ಹತ್ತಿರ ಕೂತು ಒಂದೊಂದಾಗಿ ಕೇಳಿ ಪಟ್ಟಿಯಲ್ಲಿ ಬರೆದುಕೊಂಡೆ.

ಅಂಬಾದಾಸ, ಇದ್ದಾರೆ. ಬಲಗಡೆ ಜಗಿಯುತ್ತಾರೆ. ಮೆತ್ತಗಿನ ಅನ್ನ, ಹಾಲು, ಬೇಳೆಯ ಕಟ್ಟು. ಖಾರ ಆಗುವುದಿಲ್ಲ. ಚಳಿಯಲ್ಲಿ ನೋವು. ರೊಟ್ಟಿ ತಿನ್ನಬೇಕೆಂದು ಆಸೆ ಇದೆ.